ಕೊಡಬೇಕಾದ ಬಡ್ಡಿ

ಹುಮನಾಬಾದಿನ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮನೆ ಬಸವಕಲ್ಯಾಣದಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ನಮ್ಮ ಬಸವಕಲ್ಯಾಣ ಶಾಖೆಗೆ ಪಿಗ್ಮಿ ಸಂಗ್ರಹ ಮಾಡುತ್ತಿದ್ದ ಹೆಂಗಸೊಬ್ಬರಿದ್ದರು. ಅಂಗಡಿ ಅಂಗಡಿಗೆ ಹೋಗಿ ಜನರ ದಿನದ ಉಳಿತಾಯ ತಂದು ಕಟ್ಟುವುದು, ಅದಕ್ಕೆ ಕಮಿಷನ್ ಪಡೆಯುವುದು ಅವರ ಕೆಲಸ. ಎಲ್ಲರಂತೆ ನಾನೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ.

ಒಂದು ವರ್ಷ ಬ್ಯಾಂಕು ಠೇವಣಿಯ ಬಡ್ಡಿ ಏರಿಸಿತು. ಅವಧಿ ಮುಗಿದಾಗ ಅಸಲು, ಬಡ್ಡಿ ಒಟ್ಟಿಗೇ ಸಿಗುವ ಯೋಜನೆ. ಆಪಾ ತರಕಾರಿ ಮಾರುವವರು, ದರ್ಜಿಗಳು, ಬಳೆಯಂಗಡಿಯವರನ್ನೆಲ್ಲ ಒಪ್ಪಿಸಿ ಠೇವಣಿ ಇಡಿಸಿದರು. ಆಡಳಿತ ಮಂಡಳಿಯವರು ಶಾಲು ಹೊದಿಸಿ ಅವರನ್ನು ಸನ್ಮಾನಿಸಿದರು.

ಮಾರ್ಚ್ ಕೊನೆಗೆ ಲೆಕ್ಕ ಮುಗಿಸಲು ಕುಳಿತೆ. ಆ ಠೇವಣಿಗಳ ಮೇಲೆ ಆಗಲೇ ಬೆಳೆದಿದ್ದ ಬಡ್ಡಿಯನ್ನು, ಇನ್ನೂ ಕೊಟ್ಟಿರದಿದ್ದರೂ, ಆ ವರ್ಷದ ಖರ್ಚೆಂದೇ ತೋರಿಸಬೇಕು. ಹಿಂದೆಂದೂ ಅದು ಅಷ್ಟು ದೊಡ್ಡದಾಗಿರಲಿಲ್ಲ. ಸಾಲ ಕೊಟ್ಟು ಬಂದ ಆದಾಯ ಮಾತ್ರ ಇದ್ದಷ್ಟೇ ಇತ್ತು.

"ಇದೇನ್ರಿ ಇದು? ಲಾಭ ಪೂರಾ ಖಲಾಸ್ ಆಗ್ಯದಲ್ಲ!" ಎಂದರು ಮ್ಯಾನೇಜರು.

"ಜನರಿಗಿ ಕೊಡಬೇಕಾದ ಬಡ್ಡಿ ಸರ್. ಬಿಡಾಕ ಬರಂಗಿಲ್ಲ."

ಅವರು ವಾದಿಸಲಿಲ್ಲ. ಲೆಕ್ಕ ಸರಿಯಾಗಿಯೇ ಮಂಡಳಿಯ ಮುಂದೆ ಹೋಯಿತು. ಖರ್ಚು ಎಲ್ಲಿ ಕಡಿಮೆ ಮಾಡುವುದೆಂಬ ಚರ್ಚೆ ಎದ್ದಾಗ ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಪಿಗ್ಮಿ ಬಂದ್ ಮಾಡಿದ್ರ ಕಮಿಷನ್ ಎಷ್ಟ್ ಉಳೀತದ?"

ಹೇಳಿದೆ. ಅದರಿಂದ ಏನು ಕಳೆದುಕೊಳ್ಳುತ್ತೇವೆಂದು ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸುವುದು ನನ್ನ ಕೆಲಸವೆಂದು ಆಗ ಸಮಾಧಾನ ಮಾಡಿಕೊಂಡೆ. ಪಿಗ್ಮಿ ನಿಲ್ಲಿಸುವುದೆಂದು ಮಂಡಳಿ ತೀರ್ಮಾನಿಸಿತು. ನಾನು ಅದೇ ಊರಿನವಳೆಂದು ಆಪಾಗೆ ಸುದ್ದಿ ಮುಟ್ಟಿಸುವುದೂ ನನ್ನ ಪಾಲಿಗೇ ಬಂತು.

ಶಾಖೆಯ ಬಾಗಿಲಲ್ಲೇ ಹೇಳಿದೆ.

"ನಾ ಏನರ ತಪ್ಪ್ ಮಾಡೀನೇನ್ ತಂಗಿ?"

"ಇಲ್ಲ ಆಪಾ. ಬ್ಯಾಂಕಿಗಿ ಈ ವರ್ಷ ಲಾಭ ಕಮ್ಮಿ ಆಗ್ಯದ."

"ಹಂಗಾರ ಜನರ ರೊಕ್ಕ? ನನ್ನ ಮಾತ್ ಕೇಳಿ ಇಟ್ಟಾರವ್ವ."

"ಅದಕ್ಕೇನೂ ಆಗಂಗಿಲ್ರಿ."

ಮರುದಿನದಿಂದ ಆಪಾ ಮತ್ತೆ ಅಂಗಡಿ ಅಂಗಡಿ ತಿರುಗಿದರು. ಯಾರೂ ಹೆದರಿ ಠೇವಣಿ ಮುರಿಸಬಾರದೆಂದು, ಬ್ಯಾಂಕು ಗಟ್ಟಿಯಾಗಿದೆಯೆಂದು ಹೇಳಿಬಂದರಂತೆ. ಅದಕ್ಕೆ ಕಮಿಷನ್ ಕೊಡುವವರು ಯಾರೂ ಇರಲಿಲ್ಲ. ಶಾಖೆಯವರು ಅದನ್ನು ಫೋನಿನಲ್ಲಿ ನಗುತ್ತ ಹೇಳಿದರು.

ಮುಂದಿನ ವರ್ಷ ಸಾಲ ಹೆಚ್ಚು ಹೋಯಿತು, ಬ್ಯಾಂಕು ಚೇತರಿಸಿಕೊಂಡಿತು. ವಾರ್ಷಿಕ ಸಭೆಯಲ್ಲಿ ನನ್ನ ಲೆಕ್ಕವನ್ನು ಹೊಗಳಿದರು. ಪಿಗ್ಮಿ ಮತ್ತೆ ಶುರು ಮಾಡೋಣವೇ ಎಂದು ಆಗ ಕೇಳಿದೆ. "ನೋಡೋಣಂತ" ಎಂದರು. ಇವತ್ತಿಗೂ ನೋಡುತ್ತಲೇ ಇದ್ದಾರೆ.

ಕಳೆದ ಚಳಿಗಾಲದಲ್ಲಿ ಬೆಳಗಿನ ಬಸ್ಸಿನಲ್ಲಿ ಆಪಾ ಸಿಕ್ಕರು. ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಗುಳಿಗೆ ಪ್ಯಾಕ್ ಮಾಡುವ ಕೆಲಸವಂತೆ. ನಿಂತು ನಿಂತು ಕಾಲು ಊದಿದ್ದವು. ಸರಿದು ನನಗೆ ಜಾಗ ಮಾಡಿಕೊಟ್ಟರು.

"ಬ್ಯಾಂಕ್ ಹ್ಯಾಂಗದ?"

"ಛಲೋ ನಡದದ."

"ಅಲ್ಹಮ್ದುಲಿಲ್ಲಾ," ಎಂದರು. ಮುಖದಲ್ಲಿ ನಿಜವಾಗಿಯೂ ನೆಮ್ಮದಿಯಿತ್ತು.

"ಆಪಾ, ಅವತ್ತ್ ಮೀಟಿಂಗಿನ್ಯಾಗ ನಾ ನಿಮ್ ಪರವಾಗಿ ಮಾತಾಡಬೇಕಿತ್ತು."

ಅವರು ನನ್ನನ್ನು ನೋಡಿದರು. ಕೋಪವೂ ಇರಲಿಲ್ಲ, ಬಿಡು ಎಂಬ ಮಾತೂ ಬರಲಿಲ್ಲ.

"ಹೌದು, ಮಾತಾಡಬೇಕಿತ್ತು," ಎಂದು ಊಟದ ಡಬ್ಬಿ ಎತ್ತಿಕೊಂಡು ಎದ್ದರು. ಬಸ್ಸು ನಿಲ್ದಾಣ ಸೇರಿತ್ತು.