ಕಾರುಗಳಿಗೆ ಮಾರ್ಕ್ಸು ಹಾಕಿದ ಅಕ್ಕ

ಅಕ್ಕ ಕಾರಿನ ಡ್ರೈವರ್ ಸೀಟಿಗೆ ಕೂರುವುದೇ ಒಂದು ಪದ್ಧತಿ. ಮೊದಲು ಹೊರಗೆ ಮುಖ ಮಾಡಿ ಸೀಟಿನ ಅಂಚಿನಲ್ಲಿ ಕೂರುವಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ತನ್ನ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ, ನಿದ್ದೆ ಹೋದ ಮಗುವನ್ನು ಚಾಪೆಯ ಮೇಲೆ ಮಲಗಿಸುವ ಹಾಗೆ ಮೆಲ್ಲಗೆ ಒಳಗಿಡುವಳು. ಬಲಗಾಲು ಅದರ ಹಿಂದೆ ತಾನೇ ಬರುವುದು. ಬಾಗಿಲು ಎಳೆದುಕೊಂಡು, ಸ್ಟೀರಿಂಗ್ ಮೇಲೆ ಕೈಯಿಟ್ಟು, ಕ್ಲಾಸಿನ ಗಲಾಟೆ ನಿಲ್ಲಲಿ ಎಂದು ಕಾಯುವವಳ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರುವಳು. ಆಮೇಲೆ ಮಾರ್ಕ್ಸು ಹಾಕುವಳು.

“ಸ್ಟೀರಿಂಗು ಹಗುರವಾಗಿದೆ, ಪರವಾಗಿಲ್ಲ. ಬಾಗಿಲು ಪೂರ್ತಿ ತೆಗೆಯಲ್ಲ, ಮಾರ್ಕ್ಸ್ ಕಟ್. ಸೀಟು ಗುಂಡಿ ಬಿದ್ದಿದೆ. ಇದನ್ನ ಕೊನೇ ಬೆಂಚಿಗೆ ಕಳ್ಸಪ್ಪ.”

ಕೋಲಾರದ ಹೊರಗೆ ಹೈವೇ ಪಕ್ಕದಲ್ಲಿ ಹಳೇ ಕಾರು ಮಾರುವ ಫಯಾಜ್ ಭಾಯ್, ಬೀಗದ ಕೈ ಗೊಂಚಲು ಹಿಡಿದುಕೊಂಡು ಅವಳ ಹಿಂದೆ ಓಡಾಡುತ್ತಿದ್ದರು. “ಮಿಸ್, ನನ್ ಗಾಡಿನೆಲ್ಲಾ ಹಿಂಗೆ ಫೇಲ್ ಮಾಡಿದ್ರೆ ನಾನು ಅಂಗಡಿ ಮುಚ್ಚಿ ನಿಮ್ ಸ್ಕೂಲಿಗೇ ಸೇರ್ಕೋಬೇಕು.”

“ಬಾ ನಾಯನಾ, ಒಂದನೇ ಕ್ಲಾಸಲ್ಲಿ ಜಾಗ ಇದೆ,” ಎಂದಳು ಅಕ್ಕ.

ಅವಳ ಹೆಸರು ಸರೋಜಮ್ಮ. ಗೌನಿಪಲ್ಲಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದಳು. ಮನೆ ಶ್ರೀನಿವಾಸಪುರದಲ್ಲಿ, ಒಬ್ಬಳೇ. ಹಾಲು ಕುಡಿಯುವ ಕೂಸಾಗಿದ್ದಾಗ ಬಂದ ಪೋಲಿಯೋ ಅವಳ ಎಡಗಾಲನ್ನು ತೆಗೆದುಕೊಂಡು ಹೋಗಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಆ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು ಆಡುವವರು. ಅಕ್ಕ ಕನ್ನಡದಲ್ಲಿ ಪಾಠ ಮಾಡಿ ತೆಲುಗಿನಲ್ಲಿ ಬೈಯುತ್ತಿದ್ದಳು. ಬೈಗುಳ ಅರ್ಥವಾಗದಿದ್ದರೆ ಬೈದು ಏನು ಪ್ರಯೋಜನ ಅನ್ನುವುದು ಅವಳ ವಾದ. ತಪ್ಪು ಮಾಡಿದವನನ್ನು ಹೊಡೆಯುತ್ತಿರಲಿಲ್ಲ. ಹತ್ತಿರ ಕರೆದು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು. ಆ ಪ್ರಶ್ನೆಗೆ ನಿಜ ಹೇಳಿದರೆ ಅಲ್ಲಿಗೆ ಮುಗಿಯಿತು. ಹೇಳದಿದ್ದರೂ ಮುಗಿಯಿತು, ಆದರೆ ಬೇರೆ ಥರ. ಮತ್ತೆ ಅವಳು ಅವನನ್ನು ಏನೂ ಕೇಳುತ್ತಿರಲಿಲ್ಲ.

ನಾನು ಅವಳ ತಮ್ಮ, ಮುನಿರಾಜು. ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು. ಕೋಲಾರದಲ್ಲಿ ಮನೆ ಮಾಡಿಕೊಂಡು, ನರಸಾಪುರದ ಒಂದು ಕಾರ್ಖಾನೆಗೆ ಶಿಫ್ಟಿನ ಜನರನ್ನು ಬಿಡುವ ಬಸ್ಸು ಓಡಿಸುತ್ತೇನೆ. ಓದಿದ ಅಕ್ಕ ಯಾವ ವಿಷಯದಲ್ಲೂ ನನ್ನನ್ನು ಕೇಳಿದವಳಲ್ಲ. ಗಾಡಿಯ ವಿಷಯ ಬಂದರೆ ಮಾತ್ರ, “ಇರು, ಮುನಿ ಏನಂತಾನೋ ಕೇಳೋಣ” ಅನ್ನುತ್ತಿದ್ದಳು. ಆ ಒಂದು ಮಾತು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಅವಳಿಗೆ ತಿಳಿದಿರಲಿಲ್ಲ.

ಈಗ ಅವಳ ಶಾಲೆಯವರು ನೆನಪಿನ ಪುಸ್ತಕ ತರುತ್ತಾರಂತೆ. ತಮ್ಮನಾಗಿ ನೀವೂ ಎರಡು ಪುಟ ಬರೆಯಿರಿ ಅಂದರು. ಒಳ್ಳೆಯ ಮಾತು ಬರೆಯಲು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕಾರಿನ ವಿಷಯ ಬರೆಯುತ್ತೇನೆ.

ಅಕ್ಕನ ಹತ್ತಿರ ಮೊದಲಿನಿಂದ ಇದ್ದದ್ದು ಹಿಂದೆ ಎರಡು ಸಣ್ಣ ಚಕ್ರ ಕೂಡಿಸಿದ ಸ್ಕೂಟರು. ಮಾವಿನ ತೋಪುಗಳ ನಡುವಿನ ರಸ್ತೆಯಲ್ಲಿ ಅದರ ಮೇಲೆ ಹೋಗಿ ಹೋಗಿ ಅವಳ ಭುಜ ಸೋತಿತ್ತು. ಮಳೆ ಬಂದರೆ ನೆನೆಯಬೇಕು, ಲಾರಿ ಬಂದರೆ ಮಣ್ಣಿಗೆ ಇಳಿಯಬೇಕು. ಅವಳ ಜೊತೆ ಕೆಲಸ ಮಾಡುತ್ತಿದ್ದ ನಸ್ರೀನ್ ಮಿಸ್ ಒಂದು ದಿನ ತಮ್ಮ ಮನೆಯವರ ಆಟೋಮ್ಯಾಟಿಕ್ ಕಾರು ತಂದಿದ್ದರು. ಅದರಲ್ಲಿ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಅಕ್ಕ ಶನಿವಾರದ ಮಧ್ಯಾಹ್ನಗಳಲ್ಲಿ ಶಾಲೆಯ ಮೈದಾನದಲ್ಲಿ ಅದನ್ನು ಓಡಿಸಲು ಕಲಿತಳು. ಕಲಿತ ಮೇಲೆ ನನ್ನನ್ನು ಕರೆಸಿ ತೋರಿಸಿದಳು. ಮೈದಾನವನ್ನು ಒಂದು ಸುತ್ತು ಬಂದು, ಧ್ವಜದ ಕಟ್ಟೆಯ ಪಕ್ಕ ಕಾರು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಏನ್ಲಾ ಡ್ರೈವರ್ರೇ, ನಿಮ್ ಕೆಲಸಕ್ಕೆ ಕುತ್ತು ಬಂತಲ್ಲ.”

ನಸ್ರೀನ್ ಮಿಸ್ ನಕ್ಕರು. ನಾನೂ ನಕ್ಕೆ. ಮದುವೆ, ಆಸ್ಪತ್ರೆ, ಮೀಟಿಂಗು, ಎಲ್ಲಿಗೆ ಹೋಗಬೇಕಾದರೂ ಅವಳು ನನಗೆ ಫೋನು ಮಾಡುತ್ತಿದ್ದಳು. ನಾನು ಯಾರದಾದರೂ ಗಾಡಿ ಕೇಳಿಕೊಂಡು ಬರುತ್ತಿದ್ದೆ. ಇನ್ನು ಅದು ಇರುವುದಿಲ್ಲ ಅನ್ನಿಸಿತು.

ಮೊದಲು ಹೊಸ ಕಾರು ನೋಡಿದೆವು. ಶೋರೂಮಿನ ಹುಡುಗ, “ಮೇಡಂ, ಇದಕ್ಕೆ ನಿಮ್ ಮೊಬೈಲ್ ಕನೆಕ್ಟ್ ಆಗುತ್ತೆ” ಎಂದು ಪರದೆ ತೋರಿಸಿದ.

“ನನ್ ಕಾಲು ಕನೆಕ್ಟ್ ಆಗುತ್ತಾ ನೋಡಪ್ಪ ಮೊದ್ಲು,” ಎಂದಳು.

ಹೊಸದರಲ್ಲಿ ಸಣ್ಣದು ಅಂದರೂ ಆಟೋಮ್ಯಾಟಿಕ್ ನಮ್ಮ ಕೈಗೆ ಎಟುಕುವ ಹಾಗಿರಲಿಲ್ಲ. ಹಾಗಾಗಿ ಫಯಾಜ್ ಭಾಯ್ ಹತ್ತಿರ ಬಂದದ್ದು. ಹಲವು ಭಾನುವಾರ ಅಲೆದ ಮೇಲೆ ಅಲ್ಲಿ ಎರಡು ಕಾರು ಉಳಿದವು. ಒಂದು ಆಕಾಶದ ಬಣ್ಣದ್ದು, ಗಿಡ್ಡದು, ಆಟೋಮ್ಯಾಟಿಕ್. ಇನ್ನೊಂದು ಬಿಳಿಯದು, ಗೇರಿನದು, ಹಿಂದೆ ಡಿಕ್ಕಿ ಇರುವುದು. ನೀಲಿ ಕಾರಿನಲ್ಲಿ ಕೂತು ಅಕ್ಕ ಬಹಳ ಹೊತ್ತು ಮಾರ್ಕ್ಸು ಹೇಳಲಿಲ್ಲ. ಕನ್ನಡಿ ತಿರುಗಿಸಿ ನೋಡಿದಳು, ಸೀಟು ಮುಂದಕ್ಕೆ ಎಳೆದಳು. “ಇದು ಫಸ್ಟ್ ಕ್ಲಾಸ್ ಕಣೋ ಮುನಿ,” ಎಂದಳು ಮೆಲ್ಲಗೆ, ಬೇರೆ ಯಾರಾದರೂ ಕೇಳಿಸಿಕೊಂಡು ಕೊಂಡುಬಿಡುತ್ತಾರೇನೋ ಅನ್ನುವ ಹಾಗೆ. “ನೀನೊಂದ್ಸಲ ಓಡ್ಸಿ ನೋಡು. ನೀನು ಸರಿ ಅಂದ್ರೆ ಸರಿ.”

ಅವಳನ್ನು ಫಯಾಜ್ ಭಾಯ್ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ನಾನೊಬ್ಬನೇ ಕಾರು ತೆಗೆದುಕೊಂಡು ಅಂತರಗಂಗೆ ಬೆಟ್ಟದ ಕಡೆಯ ಏರಿಗೆ ಹೋದೆ. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಎತ್ತಿದೆ. ಕಾರು ಬೆಣ್ಣೆಯ ಹಾಗೆ ಹೋಯಿತು. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಕೂತೆ. ಲಕ್ಕೂರಿನಲ್ಲಿ ನನ್ನ ಹೆಂಡತಿಯ ತವರು. ಅವರ ಬಾಗಿಲಲ್ಲಿ ನಿಲ್ಲಿಸಿದರೆ ಆ ಬಿಳಿ ಕಾರು ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಯೋಚಿಸಿದೆ. ಮೈದಾನದಲ್ಲಿ ಅಕ್ಕ ಸುತ್ತು ಬಂದದ್ದನ್ನೂ ಯೋಚಿಸಿದೆ. ಎರಡನ್ನೂ ಯೋಚಿಸಿದೆ, ಒಂದೇ ಅಂತ ಸುಳ್ಳು ಹೇಳುವುದಿಲ್ಲ.

ವಾಪಸು ಬಂದು ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ. “ಬೇಡಕ್ಕ. ಗೇರ್ ಬಾಕ್ಸ್ ಹೋಗಿದೆ. ಏರಲ್ಲಿ ಹಿಂದಕ್ಕೆ ಜಾರುತ್ತೆ.”

“ಜಾರುತ್ತಾ?”

“ಹೂಂ. ನಿನ್ನಂಥೋಳು ಓಡ್ಸಿದ್ರೆ ಅಪಾಯ. ಆ ಬಿಳೀದು ತಗೋ. ಬೆಂಗಳೂರಲ್ಲಿ ಕ್ಲಚ್ಚನ್ನ ಕೈಗೆ ಬರೋ ಹಾಗೆ ಮಾಡಿಕೊಡ್ತಾರೆ. ನಾನೇ ಮಾಡಿಸಿಕೊಂಡು ಬರ್ತೀನಿ.”

ಅಕ್ಕ ನೀಲಿ ಕಾರನ್ನು ಒಂದು ಸಲ ನೋಡಿದಳು. “ನೋಡೋಕೆ ಜಾಣನ ಹಾಗಿತ್ತು,” ಎಂದಳು. ಬಿಳಿಯದಕ್ಕೆ, ಬರೀ ಪಾಸು, ಅಂದಳು. ಫಯಾಜ್ ಭಾಯ್‌ಗೆ ನಾನು ಹೇಳಿದ್ದೇ ಬೇರೆ, ಅಕ್ಕನಿಗೆ ಡಿಕ್ಕಿ ಇರುವುದೇ ಬೇಕಂತೆ ಅಂತ.

ಕಾರು ಅವಳ ಹೆಸರಿಗಾಯಿತು. ಕ್ಲಚ್ ಕೆಲಸ ಆಗುವ ತನಕ ಇರಲಿ ಎಂದು ಕೋಲಾರದ ನನ್ನ ಮನೆಯ ಮುಂದೆ ನಿಂತಿತು. ಅಲ್ಲೇ ಉಳಿಯಿತು. ಬೆಂಗಳೂರಿಗೆ ಹೋಗಲು ನನಗೆ ರಜೆ ಸಿಗಲಿಲ್ಲ. ಸಿಕ್ಕಾಗ ಲಕ್ಕೂರಿನಲ್ಲಿ ಏನಾದರೂ ಕೆಲಸವಿರುತ್ತಿತ್ತು. ಅಕ್ಕ ಕೇಳಿದಾಗಲೆಲ್ಲ, “ಮುಂದಿನ ತಿಂಗಳು” ಅಂದೆ. ಆಮೇಲೆ ಆರ್.ಟಿ.ಒ. ಒಪ್ಪಲ್ಲವಂತೆ ಅಂದೆ. ವಿಚಾರಿಸಿರಲೇ ಇಲ್ಲ. ಅವಳು ಮಳೆಯಲ್ಲಿ ಸ್ಕೂಟರಿನ ಮೇಲೇ ಶಾಲೆಗೆ ಹೋದಳು. ಎಲ್ಲಿಗಾದರೂ ಹೋಗಬೇಕಾದರೆ ಫೋನು ಮಾಡುವಳು. “ಮುನಿ, ಕಾರು ಖಾಲಿ ಇದ್ಯಾ?”

ತನ್ನ ಕಾರನ್ನು ಅವಳು ಹಾಗೆ ಕೇಳುತ್ತಿದ್ದಳು. ನಾನು ಶಿಫ್ಟು ನೋಡಿ ಹೇಳುತ್ತಿದ್ದೆ.

ಒಂದು ಮದುವೆಗೆಂದು ಮುಳಬಾಗಿಲಿಗೆ ಕರೆದುಕೊಂಡು ಹೋದೆ. ಛತ್ರದ ಮುಂದೆ ಆ ನೀಲಿ ಕಾರು ನಿಂತಿತ್ತು. ನಂಬರು ನೋಡಿದ ತಕ್ಷಣ ಗೊತ್ತಾಯಿತು. ಅಕ್ಕನಿಗೆ ಕಾಣದಿರಲಿ ಎಂದು ನಾನು ಛತ್ರದ ಹಿಂದೆ ಹೋಗಿ ನಿಲ್ಲಿಸಿದೆ. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಪಂಕ್ತಿಯಲ್ಲಿ ಇರಲಿಲ್ಲ. ಹೊರಗೆ ಬಂದರೆ ಆ ನೀಲಿ ಕಾರಿಗೇ ಒರಗಿಕೊಂಡು, ಅದರ ಬೀಗದ ಕೈ ಹಿಡಿದಿದ್ದ ಒಬ್ಬ ಹುಡುಗಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಾ ನಿಂತಿದ್ದಳು. ಹುಡುಗಿ ನಗುತ್ತಾ ಸ್ಟೀರಿಂಗ್ ತಿರುಗಿಸುವ ಹಾಗೆ ಕೈಯಾಡಿಸುತ್ತಿದ್ದಳು. ನನ್ನನ್ನು ಕಂಡ ಮೇಲೆ ಅಕ್ಕ ಅವಳ ಕೆನ್ನೆ ತಟ್ಟಿ, ಕುಂಟುತ್ತಾ ನಮ್ಮ ಕಾರಿನ ಕಡೆ ಹೊರಟಳು.

ಊರು ದಾಟಿದೆವು. ಆಮೇಲೆ ಕೇಳಿದಳು.

“ಮುನಿ, ಆ ನೀಲಿ ಗಾಡಿ ಏರಲ್ಲಿ ಜಾರ್ತು ಅಂದ್ಯಲ್ಲ. ಎಷ್ಟು ದೂರ ಜಾರ್ತು?”

ಅವಳ ಶಾಲೆಯ ಮಕ್ಕಳಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ಅವಳು ಕೇಳುವುದು ಒಂದೇ ಪ್ರಶ್ನೆ. ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿಳಿಯದನ್ನು ಮಾರಿ ಬೇರೆ ತೆಗೆದುಕೊಳ್ಳಲು ಆಗಲೂ ಕಾಲ ಮೀರಿರಲಿಲ್ಲ.

“ಒಂದು ಮಾರು,” ಅಂದೆ. “ಆಮೇಲೆ ರಿಪೇರಿ ಮಾಡಿಸಿರ್ತಾರೆ ಬಿಡು.”

“ಹೂಂ,” ಎಂದಳು ಅಕ್ಕ. ಅವತ್ತಿನಿಂದ ಕ್ಲಚ್ಚಿನ ಮಾತು ಎತ್ತಲಿಲ್ಲ.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು ಶುರುವಾಯಿತು. ಆಗ ನಾನು ಶಿಫ್ಟು ನೋಡಲಿಲ್ಲ, ಎಷ್ಟು ರಜೆ ಬೇಕಾದರೂ ಹಾಕಿದೆ. ರಜೆ ಇಷ್ಟು ಸುಲಭವಾಗಿ ಸಿಗುತ್ತದೆ ಅನ್ನುವುದೇ ನನಗೆ ನಾಚಿಕೆ ತಂದಿತು. ಅವಳು ಮುಂದಿನ ಎಡಗಡೆ ಸೀಟಿನಲ್ಲಿ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂರುತ್ತಿದ್ದಳು. ಆಸ್ಪತ್ರೆಯ ಸಿಸ್ಟರುಗಳಿಗೂ ಮಾರ್ಕ್ಸು ಹಾಕುತ್ತಿದ್ದಳು. ಸೂಜಿ ಚುಚ್ಚುವುದರಲ್ಲಿ ಒಬ್ಬಳೇ ಪಾಸಾದದ್ದು.

ಕೊನೆಯ ಸಲ ವಾಪಸು ಬರುವಾಗ ಮಾವು ಹೂ ಬಿಟ್ಟಿತ್ತು. ದಾರಿಯಲ್ಲಿ ನಾನೇ ಬಾಯಿ ಬಿಟ್ಟೆ.

“ಅಕ್ಕಾ, ಆ ನೀಲಿ ಗಾಡಿ ಜಾರಿರ್ಲಿಲ್ಲ.”

“ಗೊತ್ತು,” ಎಂದಳು. “ಮುಳಬಾಗಿಲಲ್ಲಿ ಆ ಹುಡುಗೀನ ಕೇಳ್ದೆ. ತಗೊಂಡಾಗಿಂದ ಸ್ಪ್ಯಾನರ್ ಮುಟ್ಸಿಲ್ಲ ಅಂದ್ಲು.”

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ?”

“ಏನ್ ಮಾಡ್ಲಿ? ಮೀಸೆ ಬಂದಿರೋನ್ನ ಬೆಂಚಿನ ಮೇಲೆ ನಿಲ್ಲಿಸ್ಲಾ?” ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು. “ನಾನು ಓಡ್ಸಿದ್ರೆ ನಿನಗೆ ಏನ್ ಹೋಗ್ತಿತ್ತೋ ಮುನಿ?”

ಉತ್ತರ ನನ್ನ ಹತ್ತಿರ ಇತ್ತು. ನೀನು ಫೋನು ಮಾಡುವುದು ನಿಲ್ಲುತ್ತಿತ್ತು ಅಂತ ಹೇಳಬೇಕಿತ್ತು. ಹೇಳದೆ ಗೇರು ಬದಲಿಸಿದೆ. ಅವಳು ಹೊಟ್ಟೆಯ ಮೇಲಿನ ದಿಂಬು ಸರಿಮಾಡಿಕೊಂಡಳು. ಆಮೇಲೆ, “ನಿಧಾನಕ್ಕೆ ಹೋಗು, ಕುಲುಕಿದ್ರೆ ನೋಯುತ್ತೆ,” ಎಂದು ಕಣ್ಣು ಮುಚ್ಚಿದಳು. ಕ್ಷಮಿಸಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಮನೆ ತಲುಪಿದ ಮೇಲೆ ಎತ್ತಿ ಇಳಿಸಲು ಹೋದರೆ ನನ್ನ ಕೈ ಸರಿಸಿ, ಎಡಗಾಲನ್ನು ತಾನೇ ಎತ್ತಿ ಹೊರಗಿಟ್ಟುಕೊಂಡಳು. ಮಾವಿನ ಕಾಯಿ ಬಲಿಯುವ ಮುಂಚೆ ಹೋದಳು.

ಕಾರು ಈಗಲೂ ನನ್ನ ಮನೆಯ ಮುಂದೆ ಇದೆ. ಅದನ್ನು ಓಡಿಸಲು ಮನಸ್ಸು ಬರುವುದಿಲ್ಲ, ಇಟ್ಟುಕೊಳ್ಳಲೂ ಆಗುವುದಿಲ್ಲ. ಹೋದ ಭಾನುವಾರ ಮಾಲೂರಿನಿಂದ ಒಬ್ಬ ಹುಡುಗ ಹೆಂಡತಿಯನ್ನು ಕರೆದುಕೊಂಡು ನೋಡಲು ಬಂದಿದ್ದ. ಮೊದಲನೆಯ ಕಾರಂತೆ, ಇಬ್ಬರ ಮುಖದಲ್ಲೂ ಹಬ್ಬದ ಕಳೆ ಇತ್ತು. ಟೈರು ಒದ್ದು ನೋಡಿದ. ಕಾಗದ ಕೇಳಿದ. ಇನ್ನೂ ಅಕ್ಕನ ಹೆಸರಿನಲ್ಲೇ ಇದೆ. ಓದಿ ಮುಖ ಅರಳಿಸಿದ.

“ಸರೋಜಮ್ಮ ಅಂತ ಇದೆ. ಲೇಡೀಸ್ ಓಡ್ಸಿರೋ ಗಾಡಿನಾ ಅಣ್ಣ? ಹಂಗಾದ್ರೆ ಚೆನ್ನಾಗಿ ಇಟ್ಕೊಂಡಿರ್ತಾರೆ.”

ಹಳೇ ಕಾರು ಕೊಳ್ಳುವವರು ಎಲ್ಲರೂ ಕೇಳುವ ಮಾತು ಅದು. ಹೌದು ಅಂದರೆ ವ್ಯಾಪಾರ ಅಲ್ಲೇ ಕುದುರುತ್ತದೆ.

“ಇಲ್ಲಪ್ಪ,” ಅಂದೆ. “ಅವಳಿಗೆ ಓಡಿಸೋಕೆ ಬರ್ತಿತ್ತು. ನಾನು ಬಿಡಲಿಲ್ಲ.”

ಹುಡುಗನಿಗೆ ಅರ್ಥವಾಗಲಿಲ್ಲ. “ಹಂಗಾದ್ರೆ ರೇಟು ಸ್ವಲ್ಪ ನೋಡಿ ಹೇಳಿ ಅಣ್ಣ,” ಎಂದು ಬಾನೆಟ್ಟು ಎತ್ತಲು ಹೋದ. ಅವನ ಹೆಂಡತಿ ಮಾತ್ರ ಕಾರು ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಾ ನಿಂತಿದ್ದಳು.