ಸೂಜಿ ಹಿಡಿದವನ ತೋಳು

ಇದು ನನ್ನ ಮರ್ಯಾದೆಯ ಪ್ರಶ್ನೆ, ದಯವಿಟ್ಟು ಯಾರಿಗೂ ಹೇಳಬೇಡಿ: ನನಗೆ ಸೂಜಿ ಕಂಡರೆ ಭಯ. ಬೇರೆಯವರಿಗಾದರೆ ಇದು ಸಣ್ಣ ವಿಷಯ. ನಾನಾದರೋ ಮೂವತ್ತು ವರ್ಷ ಪಶುವೈದ್ಯ ಇಲಾಖೆಯಲ್ಲಿದ್ದು, ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಕೊಟ್ಟಿಗೆ ಕೊಟ್ಟಿಗೆ ಅಲೆದು ದನಗಳಿಗೆ ಸೂಜಿ ಹಾಕಿದವನು. ಓದಿದ್ದು ಡಾಕ್ಟರಿಕೆಯಲ್ಲದಿದ್ದರೂ ಊರೂರಲ್ಲಿ ನಾನು ‘ದನದ ಡಾಕ್ಟ್ರು’. ಈಗಲೂ ನಾನು ಬೀದಿಗಿಳಿದರೆ ಎಮ್ಮೆಗಳು ಪಕ್ಕಕ್ಕೆ ಸರಿದು ನಿಲ್ಲುತ್ತವೆ ಅಂತ ನನ್ನ ಹೆಂಡತಿ ಜಯಮ್ಮ ರೇಗಿಸುತ್ತಾಳೆ. ಅಂಥವನಿಗೆ ಅರವತ್ತೆಂಟರಲ್ಲಿ ‘ಒಂದು ಸೂಜಿ ಹಾಕಿಸಿಕೊಳ್ಳಿ’ ಅಂದರೆ ಅಂಗೈ ಬೆವರಿತು.

ಸಕ್ಕರೆ ಕಾಯಿಲೆಯ ತಪಾಸಣೆಗೆ ಪಾಂಡವಪುರದ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮೆದು. ನಾನು ಎರಡು ಸಲ ಕೆಮ್ಮಿದ್ದೇ ತಡ, “ನ್ಯುಮೋನಿಯಾ ಲಸಿಕೆ ಆಗಿದೆಯಾ ಅಂಕಲ್?” ಅಂದಳು.

“ಅದು ಮಕ್ಕಳಿಗಲ್ವೇನಮ್ಮ?”

“ಮಕ್ಕಳಿಗೂ ಹಾಕ್ತೀವಿ, ವಯಸ್ಸಾದವರಿಗೂ ಹಾಕ್ತೀವಿ. ನಿಮಗೆ ಸಕ್ಕರೆ ಬೇರೆ ಇದೆ. ಮನೇಲಿ ಮಾತಾಡ್ಕೊಂಡು ಬನ್ನಿ. ಬಲವಂತ ಏನಿಲ್ಲ.”

ನೋಡಿ, ಆ ‘ಬಲವಂತ ಏನಿಲ್ಲ’ ಇದೆಯಲ್ಲ, ಅದೇ ನನ್ನ ನೆಮ್ಮದಿ ಕೆಡಿಸಿದ್ದು. ಬಲವಂತ ಮಾಡಿದ್ದರೆ ಗೊಣಗಿಕೊಂಡು ತೋಳು ಕೊಟ್ಟು, ಏನಾದರೂ ಆದರೆ ಅವಳನ್ನೇ ಬೈದುಕೊಂಡು ಇರಬಹುದಿತ್ತು. ಈಗ ಹಾಕಿಸಿಕೊಂಡರೂ ನನ್ನ ತಲೆಗೆ, ಬಿಟ್ಟರೂ ನನ್ನ ತಲೆಗೆ.

ಬಿಡುವುದಕ್ಕೂ ಧೈರ್ಯವಿರಲಿಲ್ಲ. ಕಾರಣ ನಿಂಗೇಗೌಡ. ನನ್ನ ಜೊತೆ ಕೆಲಸ ಮಾಡಿದವನು, ನಾಗಮಂಗಲದವನು, ಹೋರಿಯ ಕೊಂಬು ಹಿಡಿದನೆಂದರೆ ಹೋರಿಯೇ ಸುಮ್ಮನಾಗಬೇಕು. ಈ ಸಲದ ಮಾಗಿ ಚಳಿಯಲ್ಲಿ ನೆಗಡಿ ಅಂತ ಉದಾಸೀನ ಮಾಡಿದ, ಅದು ಎದೆಗಿಳಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಮಲಗಿದ್ದ. ಡಾಕ್ಟರಮ್ಮ ಲಸಿಕೆ ಹೇಳಿದ ವಾರವೇ ನೋಡಲು ಹೋದಾಗ ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಒಮ್ಮೆ ಗೋಡೆ ಹಿಡಿದು ನಿಂತ.

“ಉಸ್ರು ಅನ್ನೋದು ಇಷ್ಟು ಭಾರ ಅಂತ ಗೊತ್ತಿರ್ನಿಲ್ಲ ಕಣ್ಲಾ,” ಅಂದ. ನಾನು ಲಸಿಕೆಯ ಮಾತೆತ್ತಿದೆ. “ನೀನಾರಾ ಚುಚ್ಚಿಸ್ಕೊಂಬುಡು.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೂತು ಪಾಂಡವಪುರದವರೆಗೂ ನನ್ನ ಉಸಿರನ್ನೇ ಗಮನಿಸುತ್ತಾ ಬಂದೆ. ಗಮನಿಸಿದರೆ ಉಸಿರೂ ಎಡವುತ್ತದೆ, ಬೇಕಾದರೆ ನೀವೂ ನೋಡಿ. ಇಳಿಯುವ ಹೊತ್ತಿಗೆ ನನಗೆ ಕಾಯಿಲೆ ಬಂದೇಬಿಟ್ಟಿದೆ ಎನ್ನಿಸಿತ್ತು.

ಹಾಗಾದರೆ ಹೋಗಿ ಹಾಕಿಸಿಕೊಳ್ಳಬೇಕು ತಾನೇ? ಹೋದೆ. ತೋಳು ಕೊಡಲಿಲ್ಲ, ಪ್ರಶ್ನೆ ಕೇಳಿದೆ. ಸುಸ್ತಾಗುತ್ತದೆಯೇ? ಗಡ್ಡೆ ಕಟ್ಟುತ್ತದೆಯೇ? ಈಗ ಚೆನ್ನಾಗಿಯೇ ಇದ್ದೇನಲ್ಲ, ಸುಮ್ಮನೆ ಯಾಕೆ ಮೈ ಕೆಣಕುವುದು? ಕೇಳುತ್ತಾ ಕೇಳುತ್ತಾ ನನಗೇ ನಾಚಿಕೆಯಾಯಿತು. ಇವು ನನ್ನ ಪ್ರಶ್ನೆಗಳೇ ಅಲ್ಲ. “ಸೂಜಿ ಹಾಕುದ್ರೆ ಹಾಲು ಕಮ್ಮಿ ಆಯ್ತದಂತೆ ಸಾ?” “ಗಡ್ಡೆ ಕಟ್ಕತದಂತೆ?” “ಉಸಾರಾಗೇ ಅದಲ್ಲ, ಯಾಕೆ ಸುಮ್ಕೆ?” ಅಂತ ಮೂವತ್ತು ವರ್ಷ ರೈತರು ನನ್ನನ್ನು ಕೇಳಿದವು. ಆಗ ನಾನು ಸಿರಿಂಜು ಎತ್ತಿಹಿಡಿದು, ‘ಓದು ಬರಹ ಇಲ್ಲದವರ ಭಯ ಇದು’ ಅಂತ ಮನಸ್ಸಿನಲ್ಲೇ ನಗುತ್ತಿದ್ದೆ. ಭಯಕ್ಕೆ ಓದು ಬರಹದ ಹಂಗಿಲ್ಲವಪ್ಪ.

ಡಾಕ್ಟರಮ್ಮ ಬೇಸರವಿಲ್ಲದೆ ಉತ್ತರ ಹೇಳಿದಳು. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಇದು ಎಲ್ಲ ಬಗೆಯ ನ್ಯುಮೋನಿಯಾವನ್ನೂ ತಡೆಯುವುದಿಲ್ಲ, ಆದರೆ ಒಂದು ಮುಖ್ಯವಾದ ರೋಗಾಣುವಿನಿಂದ ವಿಪರೀತಕ್ಕೆ ಹೋಗುವ ಅಪಾಯವನ್ನು ಕಡಿಮೆ ಮಾಡುತ್ತದೆ. ನಾನು ಆ ‘ಎಲ್ಲವನ್ನೂ ತಡೆಯುವುದಿಲ್ಲ’ ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ. ಜಯಮ್ಮ ಬಿಡಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ ಅಂತ ಅವಳೇ ಫೋನು ಮಾಡಿ ಹೇಳಿದಳು.

ಲಸಿಕೆಗೂ ಹಸುವಿಗೂ ಇರುವ ನಂಟು ಹಳೆಯದು. ಹಾಲು ಕರೆಯುವವರಿಗೆ ಹಸುವಿನ ಕೆಚ್ಚಲಿನಿಂದ ಅಂಟುತ್ತಿದ್ದ ಸಣ್ಣ ಸಿಡುಬು ದೊಡ್ಡ ಸಿಡುಬನ್ನು ದೂರವಿಡುತ್ತದೆ ಎಂದು ಕಂಡುಕೊಂಡ ಮೇಲೆಯೇ ಜಗತ್ತಿನಲ್ಲಿ ಲಸಿಕೆ ಎಂಬುದು ಶುರುವಾದದ್ದು. ಸೂಜಿ ಹಸುವಿನಿಂದ ಮನುಷ್ಯನಿಗೆ ಬಂತು. ನಾನು ಅದನ್ನು ಹಸುವಿಗೇ ಹಿಂದಿರುಗಿಸುತ್ತಾ ಹೊಟ್ಟೆ ಹೊರೆದೆ. ನನ್ನ ಎಡತೋಳಿನಲ್ಲಿ ಈಗಲೂ ಎರಡು ದುಂಡು ಕಲೆಗಳಿವೆ. ನಾನು ಚಿಕ್ಕವನಿದ್ದಾಗ ಊರಿಗೆ ‘ದೇವಿ ಹಾಕೋರು’, ಅಂದರೆ ಸಿಡುಬಿನ ಲಸಿಕೆಯವರು ಬಂದಾಗ ನಮ್ಮವ್ವ ನನ್ನನ್ನು ರಾಗಿ ತುಂಬುವ ಮಣ್ಣಿನ ವಾಡೆಯ ಹಿಂದೆ ಅಡಗಿಸಿದ್ದಳು. ರಾಗಿ ಧೂಳಿಗೆ ಸೀನಿ ಸಿಕ್ಕಿಬಿದ್ದೆ. ಅಡಗುವುದು ನಮ್ಮ ಮನೆತನದಲ್ಲೇ ಇದೆ.

ನಮ್ಮ ಮನೆತನ ಏಕೆ, ಸುತ್ತಲಿನ ಊರುಗಳೆಲ್ಲ ಇದರಲ್ಲಿ ಪಳಗಿದವು. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದರೆ ಹಾಲು ಕರೆಯುವ ಹಸುಗಳೆಲ್ಲ ಮಾಯ! “ಮಾರ್ಬುಟ್ವಿ ಸಾ,” “ನೆಂಟ್ರ ಮನೇಲದೆ ಸಾ.” ನಾನೇನು ಕಡಿಮೆಯೇ? ಮಾತಾಡದೆ ಕೊಟ್ಟಿಗೆಗೆ ಹೋಗಿ ಸಗಣಿಯ ಮೇಲೆ ಕೈ ಆಡಿಸುತ್ತಿದ್ದೆ. ಬಿಸಿ ಇದ್ದರೆ ಹಸು ಈಗ ತಾನೇ ಹಿತ್ತಿಲ ಬಾಗಿಲಿನಿಂದ ಕಬ್ಬಿನ ಗದ್ದೆಗೆ ಹೋಗಿದೆ ಎಂದು ಅರ್ಥ. ಈ ಉಪಾಯವನ್ನು ಜಂಬದಿಂದ ಜಯಮ್ಮನಿಗೂ ಹೇಳಿದ್ದೆ. ಅದೇ ನಾನು ಮಾಡಿದ ತಪ್ಪು.

ಗುರುವಾರ ಬಂತು. ಒಂಬತ್ತೂವರೆಗೆ ಜಯಮ್ಮ ಸೀರೆ ಉಡುತ್ತಿರುವಾಗ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಹಿತ್ತಿಲ ಬಾಗಿಲಿನಿಂದ ನಮ್ಮ ಕಬ್ಬಿನ ಗದ್ದೆಗೆ ಇಳಿದೆ. ನೀರು ಬಿಟ್ಟಿದೆಯೋ ಇಲ್ಲವೋ ನೋಡಲು ಅಂತ ನನಗೆ ನಾನೇ ಹೇಳಿಕೊಂಡೆ. ಬದುವಿನ ಮೇಲೆ ಕೂತು ಹತ್ತು ನಿಮಿಷವಾಗಿರಲಿಲ್ಲ, ಜಯಮ್ಮ ಗರಿ ಸರಿಸಿಕೊಂಡು ಬಂದು ನಿಂತಳು.

“ಲೋಟ ಇನ್ನೂ ಬಿಸಿ ಇತ್ತು ಕಣ್ರೀ,” ಅಂದಳು.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ಪಕ್ಕದಲ್ಲಿ ಕೂತಳು. ಕಬ್ಬಿನ ಗರಿ ಸದ್ದು ಮಾಡುತ್ತಿತ್ತು. ಎಷ್ಟೋ ವರ್ಷಗಳಿಂದ ಯಾರಿಗೂ ಹೇಳದ ಒಂದು ವಿಷಯ ಅಲ್ಲಿ ಬಾಯಿಗೆ ಬಂದುಬಿಟ್ಟಿತು.

ಕಿಕ್ಕೇರಿ ಹತ್ತಿರದ ಒಂದು ಊರಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು, ಅವಳಿಗೊಂದೇ ಹಸು. ಡೈರಿಗೆ ಹಾಲು ಹಾಕಿಯೇ ಸಂಸಾರ. ಅವತ್ತು ಅವಳದೇ ಕೊನೆಯ ಮನೆ, ಬಿಸಿಲು ನೆತ್ತಿ ಸುಡುತ್ತಿತ್ತು. “ಅಸ ಇಲ್ಲ ಸಾ, ಮಗಳ ಮನೇಲದೆ,” ಅಂದಳು. ಅವಳ ಹಿಂದಿನ ಕಬ್ಬಿನಲ್ಲಿ ಬಾಲ ಅಲ್ಲಾಡುತ್ತಿದ್ದುದು ನನಗೆ ಕಾಣುತ್ತಿತ್ತು. ನನಗೂ ಸಾಕಾಗಿತ್ತು. “ನಿಮ್ಮಿಷ್ಟ ಕಣಮ್ಮ, ಬಲವಂತ ಇಲ್ಲ,” ಅಂತ ಹೇಳಿ ಬಸ್ಸು ಹಿಡಿದೆ. ತಿಂಗಳು ಕಳೆಯುವುದರೊಳಗೆ ಆ ಊರಿಗೆ ಕಾಲುಬಾಯಿ ಜ್ವರ ಬಂತು. ಹೋದಾಗ ಹಸು ಜೊಲ್ಲು ಸುರಿಸುತ್ತಾ ಕಾಲೂರಲಾರದೆ ನಿಂತಿತ್ತು. ಹಾಲು ನಿಂತುಹೋಗಿತ್ತು, ಕರು ಸತ್ತಿತ್ತು. ಚಿಕ್ಕತಾಯಮ್ಮನಿಗೆ ಸಿಟ್ಟೂ ಇರಲಿಲ್ಲ.

“ನನ್ಗೆ ಬುದ್ಧಿ ಇರ್ನಿಲ್ಲ ಸಾ,” ಅಂದಳು. “ನೀವು ಬಾಲವ ಕಂಡಿದ್ರಲ್ಲ. ಒಂದು ಮಾತು ಗದರುಸ್ಬುಟ್ಟಿದ್ರೆ ಆಗ್ತಿತ್ತು.”

ಇಷ್ಟನ್ನು ಹೇಳಿ ಮುಗಿಸಿದೆ. ಜಯಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು.

“ಈಗ ನಾನು ಬಾಲ ಕಂಡಿವ್ನಿ. ಎದ್ದೇಳ್ರಿ ಮ್ಯಾಕೆ!”

ಮೂವತ್ತು ವರ್ಷದಲ್ಲಿ ನಾನು ಯಾರನ್ನೂ ಅಷ್ಟು ಚೆನ್ನಾಗಿ ಗದರಿಸಿರಲಿಲ್ಲ.

ನನ್ನ ಕೆಲಸದಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಸೂಜಿ ಹಾಕುವಾಗ ಹಸುವಿನ ಮುಂದೆ ದಿನಾ ಮೇವು ಹಾಕುವವರೇ ನಿಲ್ಲಬೇಕು. ಮುಖ ಹಿಡಿದುಕೊಂಡು ಏನಾದರೂ ಮಾತಾಡುತ್ತಿರಬೇಕು. ಹಸು ಅವರನ್ನು ನೋಡುತ್ತಾ ಸೂಜಿ ಬೀಳುವ ಕುತ್ತಿಗೆಯ ಕಡೆ ಗಮನ ಬಿಡುತ್ತದೆ. ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನನ್ನ ಅಂಗಿಯ ತೋಳು ಮಡಚಿದಾಗ ನಾನು ಬಾಗಿಲ ಕಡೆ ನೋಡಿದೆ. ಜಯಮ್ಮ ಬಂದು ಎದುರಿಗೆ ನಿಂತು ನನ್ನ ಗಲ್ಲ ಹಿಡಿದಳು.

“ಇಲ್ಲಿ ನೋಡಿ. ಹೋಗ್ತಾ ಅವರೆಕಾಯಿ ತಗೊಳಣ. ಉಪ್ಸಾರು ಮಾಡ್ತೀನಿ, ಮುದ್ದೆ ಬಿಸಿಯಾಗೇ…”

“ಆಯ್ತು ಅಂಕಲ್,” ಅಂದಳು ಡಾಕ್ಟರಮ್ಮ.

ಆಗಿಹೋಗಿತ್ತು! ನನಗೆ ಗೊತ್ತಾಗಿದ್ದು ಸೂಜಿಯಲ್ಲ, ಜಯಮ್ಮನ ಕೈ. ಸೂಜಿ ತೆಗೆದ ಮೇಲೂ ಅದು ನನ್ನ ಗಲ್ಲವನ್ನು ಬಿಗಿಯಾಗಿ ಹಿಡಿದೇ ಇತ್ತು. ನಿಂಗೇಗೌಡನನ್ನು ನೋಡಿಬಂದ ದಿನದಿಂದ ಇವಳೂ ನನ್ನ ಉಸಿರನ್ನೇ ಕೇಳುತ್ತಾ ಇದ್ದಳೋ ಏನೋ, ನಾನು ವಿಚಾರಿಸಿಯೇ ಇರಲಿಲ್ಲ. ಅಷ್ಟು ವರ್ಷ ಹಸುವಿನ ಕುತ್ತಿಗೆಯನ್ನೇ ನೋಡಿದೆ; ಮುಖ ಹಿಡಿದು ನಿಂತವರ ಕೈಯನ್ನು ಒಂದು ಸಲವೂ ನೋಡಲಿಲ್ಲ.

“ಡಾಕ್ಟರಮ್ಮ, ಇವಳಿಗೂ ಅರವತ್ತಾರು ಆಯ್ತು. ಇವಳಿಗೂ ಹಾಕಬಹುದಾ?” ಅಂದೆ.

“ಖಂಡಿತ ಹಾಕಬಹುದು. ಬನ್ನಿ ಆಂಟಿ.”

“ನನ್ಗ್ಯಾಕವ್ವ? ನಾನು ಚೆಂದಾಗೇ ಇವ್ನಿ,” ಅನ್ನುತ್ತಾ ಜಯಮ್ಮ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಬಾಗಿಲ ತನಕ ಹೋಗಿದ್ದಳು.

ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತು, ಕೈ ಹಿಡಿದು ಕರೆತಂದು, ಕುರ್ಚಿಯ ಮೇಲೆ ಕೂರಿಸಿದೆ. ಅವಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರೆಕಾಯಿಯನ್ನು ನಾನೇ ಸುಲಿದುಕೊಡುತ್ತೇನೆ ಅಂತ ಹೇಳುತ್ತಾ ಹೋದೆ.