ಯಾವುದು ದೊಡ್ಡ ಆಟ ಎಂದು ನಮ್ಮ ಬಾಗಿಲಲ್ಲಿ ನಡೆದ ಜಗಳ

ಜಗತ್ತಿನಲ್ಲಿ ಹೆಚ್ಚು ಜನ ನೋಡುವುದು ಬಾಕ್ಸಿಂಗೋ, ಕೇಜ್ ಫೈಟೋ ಎಂದು ಯಾರಾದರೂ ನನ್ನೆದುರು ಮಾತು ತೆಗೆದರೆ ಮೈ ಉರಿಯುತ್ತದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಚರ್ಚೆ ಶುರುವಾದರೆ ಡಬ್ಬಿ ಮುಚ್ಚಿ ಎದ್ದುಬಿಡುತ್ತೇನೆ. ಜೀವಮಾನದಲ್ಲಿ ಒಂದು ಏಟೂ ತಿನ್ನದ ಗಂಡಸರು ಬೆರಳಿಗಂಟಿದ ಸಾರು ನೆಕ್ಕುತ್ತಾ ಅಮೆರಿಕದ್ದು, ಜಪಾನಿನದ್ದು ಹೇಳುವುದನ್ನು ಕೇಳುವ ತಾಳ್ಮೆ ನನಗಿಲ್ಲ. ಇದೇ ಚರ್ಚೆ ಒಮ್ಮೆ ನಮ್ಮ ಮನೆ ಬಾಗಿಲಲ್ಲೂ ನಡೆದಿತ್ತು. ವಾದ ಮಾಡಿದ ಇಬ್ಬರಿಗೂ ಏನೂ ಆಗಲಿಲ್ಲ. ಹಾಳಾದದ್ದು ನನ್ನ ತಮ್ಮನ ಬದುಕು.

ತೊಂಬತ್ತರ ದಶಕದಲ್ಲಿ ನಾವು ಮರ್ಫಿ ಟೌನಿನಲ್ಲಿದ್ದೆವು. ಅಪ್ಪ ಗದಗದ ಕಡೆಯವರು, ರಸೆಲ್ ಮಾರುಕಟ್ಟೆಯಲ್ಲಿ ಒಬ್ಬ ಹಣ್ಣಿನ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದರು. ಊರಲ್ಲಿ ಅವರು ಕಂಡದ್ದು ಕುಸ್ತಿ. ದಂಡಿಗೆ, ಅಂದರೆ ಈ ಕಂಟೋನ್ಮೆಂಟ್ ಕಡೆಗೆ, ಬಂದ ಮೇಲೆ ಅಕ್ಕಪಕ್ಕದವರನ್ನು ನೋಡಿ ಒಂದು ವಿಷಯ ತಿಳಿದುಕೊಂಡರು: ಇಲ್ಲಿನ ಬಡವರು ಮಗನನ್ನು ಬಾಕ್ಸಿಂಗಿಗೆ ಸೇರಿಸುವುದು ಶೋಕಿಗಲ್ಲ, ಕೆಲಸಕ್ಕೆ. ರಾಷ್ಟ್ರಮಟ್ಟದಲ್ಲಿ ಆಡಿ ಪದಕ ತಂದವನಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿಯ ದಾರಿ ಇತ್ತು. ನಮ್ಮ ಬೀದಿಯವನೇ ಒಬ್ಬ ಹಾಗೆ ಕೆಲಸ ಹಿಡಿದು, ತಾಯಿಯನ್ನು ಕರೆದುಕೊಂಡು ಕ್ವಾರ್ಟರ್ಸಿಗೆ ಹೋಗಿದ್ದ. ಅಪ್ಪನಿಗೆ ಅಷ್ಟು ಸಾಕಾಯಿತು. ತಮ್ಮನ ಕೈ ಹಿಡಿದುಕೊಂಡು ಹೋಗಿ ಹಲಸೂರಿನ ತಗಡಿನ ಶೆಡ್ಡಿನಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದ ಮಾಸ್ಟರಿಗೆ ಒಪ್ಪಿಸಿದರು.

ಮಾಸ್ಟರ್ ಸೈನ್ಯದಿಂದ ನಿವೃತ್ತರಾದವರು. ಬೈಗುಳ ಜಾಸ್ತಿ, ಫೀಸು ಇಲ್ಲ. ನನ್ನ ತಮ್ಮ ಗ್ಲೌಸಿನ ಒಳಗೆ ಕೈಗೆ ಸುತ್ತುವ ಉದ್ದುದ್ದ ಪಟ್ಟಿಗಳನ್ನು ಒಗೆಯುವುದು ನನ್ನ ಪಾಲಿಗೆ ಬಂತು. ಅವು ಹಗ್ಗದ ಮೇಲೆ ಒಣಗುವುದನ್ನು ನೋಡಿ ಪಕ್ಕದ ಮನೆಯಾಕೆ, "ನಿಮ್ಮನೇಲಿ ದಿನಾ ಯಾರಿಗ್ರೀ ಗಾಯ?" ಎಂದು ಕೇಳುತ್ತಿದ್ದರು. ತಮ್ಮ ಓದಿನಲ್ಲಿ ಹಿಂದೆ, ರಿಂಗಿನಲ್ಲಿ ಮುಂದೆ. ಕಾಲೇಜು ಬಿಡುವ ಹೊತ್ತಿಗೆ ರಾಜ್ಯಮಟ್ಟದಲ್ಲಿ ಗೆಲ್ಲುತ್ತಿದ್ದ. ಇನ್ನು ರಾಷ್ಟ್ರಮಟ್ಟದ್ದು ಒಂದು ಆಗಿಬಿಟ್ಟರೆ ಇವನ ಬದುಕು ದಡ ಸೇರುತ್ತದೆ ಎಂದು ಮನೆಯವರೆಲ್ಲ ಕಾಯುತ್ತಿದ್ದೆವು.

ಅಷ್ಟರಲ್ಲಿ ಎರಡು ಸಾವಿರದ ಇಸವಿಗಳು ಬಂದವು. ಇಂದಿರಾನಗರದಲ್ಲಿ ಗಾಜಿನ ಗೋಡೆಯ ಜಿಮ್ಮುಗಳು ಎದ್ದವು. ಅಂಥದ್ದೊಂದರ ಮಾಲೀಕ ಹೊರದೇಶ ತಿರುಗಿ ಬಂದವನು, ತಂತಿಬಲೆಯ ಒಳಗೆ ಒದೆತ, ಗುದ್ದು, ಕುಸ್ತಿಪಟ್ಟು ಎಲ್ಲ ಸೇರಿಸಿ ಕಾದಾಡುವ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಶುರು ಮಾಡಿದ. ನಮ್ಮ ಬೀದಿಯಲ್ಲಿ ಅದಕ್ಕೆ ಕೇಜ್ ಫೈಟ್ ಅಂತಲೇ ಹೆಸರು. ಅವನಿಗೆ ಚೆನ್ನಾಗಿ ಗುದ್ದಬಲ್ಲ ಹುಡುಗರು ಬೇಕಾಗಿದ್ದರು. ಒಂದು ಭಾನುವಾರ ಅಪ್ಪನನ್ನು ಒಪ್ಪಿಸಲು ಮನೆಗೇ ಬಂದ. ಸುದ್ದಿ ತಿಳಿದು ಮಾಸ್ಟರೂ ಬಂದರು.

"ಅಂಕಲ್, ಬಾಕ್ಸಿಂಗ್ ಎಲ್ಲಾ ಓಲ್ಡ್ ಆಯ್ತು," ಅಂದ ಮಾಲೀಕ. "ಅಮೆರಿಕ, ಜಪಾನ್, ಬ್ರೆಜಿಲ್, ಎಲ್ಲಾ ಕಡೆ ಈಗ ಇದೇ. ನಾಳೆ ಇಂಡಿಯಾಗೂ ಬರುತ್ತೆ. ನಿಮ್ಮ ಮಗ ಫಸ್ಟ್ ಇರ್ತಾನೆ."

"ಎಲ್ಲಾ ಕಡೆ ಅಂದ್ರೆ ಟಿವಿ ಇರೋ ಕಡೆ," ಅಂದರು ಮಾಸ್ಟರ್. "ಬಾಕ್ಸಿಂಗು ಕರೆಂಟ್ ಇಲ್ದಿರೋ ಊರಲ್ಲೂ ಐತೆ. ಕ್ಯೂಬಾ ನೋಡು, ಆಫ್ರಿಕಾ ನೋಡು. ಒಲಿಂಪಿಕ್ಸಲ್ಲಿ ಐತಾ ನಿನ್ನ ಬಲೆ ಆಟ?"

ಹೀಗೆ ಗಂಟೆಗಟ್ಟಲೆ. ಅಮ್ಮ ಎರಡು ಸಲ ಟೀ ಕೊಟ್ಟಳು. ಈಗ ಯೋಚಿಸಿದರೆ ಇಬ್ಬರ ಮಾತಿನಲ್ಲೂ ನಿಜವಿತ್ತು. ಬಾಕ್ಸಿಂಗ್ ಸಿಪಾಯಿಗಳ ಜೊತೆ, ಹಡಗಿನವರ ಜೊತೆ ನಿಧಾನವಾಗಿ ದೇಶ ದೇಶ ಸುತ್ತಿ ಬಡವರ ಬೀದಿಗಳಲ್ಲಿ ಬೇರು ಬಿಟ್ಟ ಆಟ. ಕೇಜ್ ಫೈಟ್ ಕೇಬಲ್ಲು, ಡಿವಿಡಿ ಹಿಡಿದು ಕೆಲವೇ ವರ್ಷಗಳಲ್ಲಿ ಹುಡುಗರ ತಲೆಗೆ ಹತ್ತಿತು. ಒಂದನ್ನು ಆಡುವವರು ಜಾಸ್ತಿ, ಇನ್ನೊಂದಕ್ಕೆ ಹುಚ್ಚರು ಜಾಸ್ತಿ. ಇದ್ದುಕೊಳ್ಳಲಿ, ನಮಗೇನು? ನಮಗೆ ಬೇಕಾಗಿದ್ದದ್ದು ಒಂದು ನೌಕರಿ. ಆ ಒಂದು ಮಾತು ಬಿಟ್ಟು ಇಡೀ ಭೂಗೋಳ ಮಾತಾಡಿದರು, ಪುಣ್ಯಾತ್ಮರು.

ಅವರು ಹೋದ ಮೇಲೆ ತಮ್ಮ ಮೆಲ್ಲಗೆ, "ಒಂದೇ ಒಂದು ಶೋ ಆಡ್ತೀನಿ ಅಪ್ಪ. ಅದು ಬೇರೆ ಆಟ ತಾನೆ?" ಅಂದ.

ಅಪ್ಪ ತಮ್ಮ ಊರಿನ ಲೆಕ್ಕದಲ್ಲೇ ಯೋಚಿಸಿದರು. "ನಮ್ಮ ಕಡೆ ಪೈಲ್ವಾನ್ರು ಊರೂರಾಗ ಕುಸ್ತಿ ಹಿಡೀತಾರ, ಇನಾಮು ತಗೋತಾರ. ಆಮ್ಯಾಲೆ ದೊಡ್ಡ ಸ್ಪರ್ಧಾಕ್ಕೂ ಹೋಗ್ತಾರ. ಯಾರೂ ಬ್ಯಾಡ ಅನ್ನಂಗಿಲ್ಲ. ಆಡು ಹೋಗು," ಅಂದರು.

ತಮ್ಮ ಆಡಿದ, ಗೆದ್ದ. ವೇದಿಕೆಯ ಮೇಲೆ ಬಹುಮಾನದ ಕವರ್ ಹಿಡಿದು ನಕ್ಕ ಅವನ ಫೋಟೋ ಜಿಮ್ಮಿನ ಗಾಜಿಗೆ ಅಂಟಿತು. ಅಮ್ಮ ಅದನ್ನು ನೋಡಲೆಂದೇ ಇಂದಿರಾನಗರಕ್ಕೆ ಹೋಗಿಬಂದಳು.

ಮುಂದಿನ ತಿಂಗಳೇ ರಾಷ್ಟ್ರಮಟ್ಟದ ಪಂದ್ಯಕ್ಕೆ ರಾಜ್ಯ ತಂಡದ ಆಯ್ಕೆ. ಬಾಕ್ಸರುಗಳು ತಮ್ಮ ತಮ್ಮ ತೂಕದ ಗುಂಪಿನೊಳಗೇ ಇರಬೇಕು, ಅದಕ್ಕೆ ಮೊದಲು ತಕ್ಕಡಿ ಹತ್ತಿಸುತ್ತಾರೆ. ನನ್ನ ತಮ್ಮ ಹಿಂದಿನ ದಿನವಿಡೀ ಅನ್ನ ಮುಟ್ಟಿರಲಿಲ್ಲ, ನೀರನ್ನೂ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ. ಜೊತೆಗೆ ನಾನು ಹೋಗಿದ್ದೆ. ತೂಕ ಸರಿಯಾಗಿ ಬಂತು. ಆಗ ಮಾಸ್ಟರ್ ಮುಂದೆ ಹೋಗಿ ಅಲ್ಲಿದ್ದ ಅಧಿಕಾರಿಗೆ, ಈ ಹುಡುಗ ದುಡ್ಡು ತೆಗೆದುಕೊಂಡು ಕೇಜಿನಲ್ಲಿ ಆಡಿದ್ದಾನೆ ಎಂದು ತಾವೇ ಹೇಳಿದರು. ದುಡ್ಡಿಗೆ ಕಾದಾಡಿದವನು ಹವ್ಯಾಸಿ ಬಾಕ್ಸಿಂಗಿಗೆ ಬರಕೂಡದು ಎಂಬ ನಿಯಮವಿತ್ತಂತೆ, ಆಟ ಬೇರೆಯಾದರೂ ಸರಿಯಂತೆ. ಅಧಿಕಾರಿ ತಮ್ಮನನ್ನು ಕೇಳಿದರು. ಅವನು "ಹೌದು ಸಾರ್" ಅಂದ. ಅಲ್ಲಿಗೆ ಮುಗಿಯಿತು. ತಕ್ಕಡಿಯಿಂದ ಇಳಿದು ಬಂದು, "ಅಕ್ಕ, ನೀರು ಕೊಡು," ಅಂದ.

ನಾನು ಮಾಸ್ಟರನ್ನು ಅಲ್ಲೇ ಅಡ್ಡಗಟ್ಟಿದೆ.

"ಯಾಕೆ ಮಾಸ್ಟರ್ ಹೀಗೆ ಮಾಡಿದ್ರಿ?"

"ರೂಲ್ ಅಂದ್ರೆ ರೂಲಮ್ಮ. ಬಾಕ್ಸಿಂಗ್ ಮರ್ಯಾದೆ ಹೋಗ್ಬಾರ್ದು."

"ರೂಲ್ ಇತ್ತಲ್ಲ, ಅವತ್ತು ನಮ್ಮನೇಲಿ ಕೂತು ಟೀ ಕುಡಿಯುವಾಗ ಯಾಕೆ ಹೇಳಲಿಲ್ಲ? ಕ್ಯೂಬಾ ಬಗ್ಗೆ ಹೇಳಿದ್ರಲ್ಲ, ಇದೊಂದು ಹೇಳೋಕೆ ಏನಾಗಿತ್ತು?"

ಅವರು ಇನ್ನೊಬ್ಬ ಹುಡುಗನನ್ನು ಕೂಗುತ್ತಾ ತಕ್ಕಡಿಯ ಕಡೆ ಹೊರಟುಹೋದರು. ತಮ್ಮನನ್ನು ಹತ್ತು ವರ್ಷ ಬೆವರಿಳಿಸಿ ಬೆಳೆಸಿದ ಮನುಷ್ಯ. ತನ್ನ ಆಟ ಬಿಟ್ಟು ಹೋದ ಎಂಬ ಸಿಟ್ಟಿಗೆ ಹೀಗೆ ಮಾಡಿದರೋ, ನಿಯಮದ ಮೇಲಿನ ಭಕ್ತಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ಯಾವುದಾದರೂ ಸರಿ, ಕ್ಷಮಿಸುವುದಿಲ್ಲ.

ಜಿಮ್ಮಿನವನ ಹತ್ತಿರವೂ ಹೋಗಿ ಕೂಗಾಡಿದೆ. ನಿಯಮ ಅವನಿಗೂ ಗೊತ್ತಿತ್ತು. "ಟೆನ್ಷನ್ ಬೇಡ ಮೇಡಂ, ಒಳ್ಳೇದೇ ಆಯ್ತು. ಇನ್ಮೇಲೆ ಫುಲ್ ಟೈಮ್ ನಮ್ಮ ಜೊತೆ," ಅಂದ. ಎರಡನೇ ಶೋ ನಡೆಯಲೇ ಇಲ್ಲ. ಜನ ಟಿವಿಯಲ್ಲಿ ಹೊರದೇಶದವರ ಕಾದಾಟ ನೋಡಲು ತಯಾರಿದ್ದರು, ಮರ್ಫಿ ಟೌನಿನ ಹುಡುಗನನ್ನು ಟಿಕೆಟ್ ಕೊಟ್ಟು ನೋಡಲು ಯಾರೂ ತಯಾರಿರಲಿಲ್ಲ. ವರ್ಷ ತುಂಬುವುದರೊಳಗೆ ತಂತಿಬಲೆ ಬಿಚ್ಚಿ ಆ ಜಾಗದಲ್ಲಿ ಏರೋಬಿಕ್ಸ್ ಶುರುವಾಯಿತು.

ಕೊನೆಗೆ ತಮ್ಮನಿಗೆ ಸಿಕ್ಕಿದ್ದು ಇಂದಿರಾನಗರದ ಒಂದು ಪಬ್ಬಿನ ಬಾಗಿಲು ಕಾಯುವ ಕೆಲಸ. ಒಂದು ಸಂಜೆ ಆಫೀಸಿನಿಂದ ಮನೆಗೆ ಹೋಗುವಾಗ ಅವನನ್ನು ನೋಡಿ ಹೋಗೋಣ ಎಂದು ಆ ರಸ್ತೆಗೆ ತಿರುಗಿದೆ. ಕುಡಿದು ಹೊರಬಂದ ಒಬ್ಬ ಇವನೆದುರು ಮುಷ್ಟಿ ಕಟ್ಟಿ ಕುಣಿಯುತ್ತಿದ್ದ. "ನೀನು ಬಾಕ್ಸರ್ ಅಂತೆ? ತೋರ್ಸು ಗುರು," ಎನ್ನುತ್ತಾ ಇವನ ಕೆನ್ನೆಗೆ ತಟ್ಟಿದ. ಮತ್ತೆ ತಟ್ಟಿದ. ಇವನು ಕೈ ಹಿಂದೆ ಕಟ್ಟಿಕೊಂಡು ನಗುತ್ತಿದ್ದ. ಆ ಕುಡುಕನನ್ನು ಗೆಳೆಯರು ಎಳೆದುಕೊಂಡು ಹೋಗುವವರೆಗೂ ನಗುತ್ತಲೇ ಇದ್ದ.

ನಾನು ಹತ್ತಿರ ಹೋದೆ. "ಸುಮ್ನೆ ಯಾಕೋ ನಿಂತಿದ್ದೆ? ಒಂದು ಬಿಡಬಾರದಿತ್ತಾ?" ಅಂದೆ.

"ಕೈ ಎತ್ತಿದ್ರೆ," ಅಂದ ಅವನು, "ಈ ಕೆಲಸಾನೂ ಹೋಗುತ್ತೆ ಅಕ್ಕ."